ಎದೆಯಿಂದ ಮೇಲಷ್ಟೇ ಬೆವರು

ಮಾವನ ಬೆವರು ಎದೆಯ ನಡುವಿಗೆ ಬಂದು ನಿಂತುಬಿಡುತ್ತಿತ್ತು. ಅದರ ಮೇಲೆ ಹಣೆ, ಕುತ್ತಿಗೆ, ಭುಜ ಎಲ್ಲ ತೊಯ್ದು ತೊಪ್ಪೆ. ಅದರ ಕೆಳಗೆ ಚರ್ಮ ಒಣಒಣ, ತಣ್ಣಗೆ, ಚಳಿಗೆ ಎದ್ದಂತೆ ನಿಮಿರಿದ ಕೂದಲು. ಒದ್ದೆ ಎಲ್ಲಿ ಮುಗಿಯಿತು, ಒಣಗು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಬಹುದಿತ್ತು. ಆ ಗೆರೆ ಕಂಡರೆ ಸಾಕು, ನಮಗೆ ಜೀವ ಬಾಯಿಗೆ ಬರುತ್ತಿತ್ತು.

ನಮ್ಮ ಕಡೆ ಅಕ್ಕನ ಗಂಡನನ್ನು ಮಾವ ಎನ್ನುತ್ತೇವೆ. ಅಪ್ಪ ತೀರಿಕೊಂಡ ಮೇಲೆ ನಾನು ಹಿರೇವಡ್ಡಟ್ಟಿಯ ಅಕ್ಕನ ಮನೆಯಲ್ಲೇ ಬೆಳೆದೆ. ಮಾವ ಮದುವೆಮನೆಗಳಿಗೆ ಅಡುಗೆ ಮಾಡುತ್ತಿದ್ದರು. ಡೋಣಿ, ಮುಂಡರಗಿ, ಶಿರಹಟ್ಟಿ, ಎಲ್ಲಿ ಕರೆದರೂ ಹೋಗುವವರು. ಅವರ ಗೋಧಿ ಹುಗ್ಗಿ ಇದೆ ಎಂದರೆ ಕರೆಯದವರೂ ಪಂಕ್ತಿಗೆ ಬಂದು ಕೂರುತ್ತಿದ್ದರು. ಒಲೆಯ ಮುಂದೆ ಬರಿಮೈಯಲ್ಲಿ ನಿಂತರೆ ಹಣೆಯಿಂದ ಹಿಮ್ಮಡಿಯವರೆಗೆ ಬೆವರು ಇಳಿಯುತ್ತಿತ್ತು. ಯಾರಾದರೂ ಬಂದು ಉಪ್ಪಿನ ಬಗ್ಗೆಯೋ ಬೆಲ್ಲದ ಬಗ್ಗೆಯೋ ಉಪದೇಶ ಶುರುಮಾಡಿದರೆ, "ಮೊದಲ ನೀರು ಕೊಡ್ರಿ, ಮಾತು ಆಮ್ಯಾಲೆ" ಎನ್ನುತ್ತಿದ್ದರು. ಕುದಿಯುವಾಗ ರುಚಿ ನೋಡಿದವರೇ ಅಲ್ಲ. ಕೊಪ್ಪರಿಗೆಯ ಮೇಲೆ ಬಗ್ಗಿ ಒಮ್ಮೆ ಮೂಸಿ, "ಇನ್ನೊಂದು ಹಿಡಿ ಹಾಕು" ಅನ್ನುವರು. ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ.

ಒಂದು ಮದುವೆ ಮುಗಿಸಿ ಪಾತ್ರೆ ತುಂಬಿದ ಟ್ರೇಲರಿನಲ್ಲಿ ಕೂತು ಬರುವಾಗ ಡೋಣಿಯ ಇಳಿಜಾರಿನಲ್ಲಿ ಅದು ಮಗುಚಿತು. ಕೊಪ್ಪರಿಗೆ ಬೆನ್ನ ಮೇಲೆ ಬಿತ್ತು. ಗದಗಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಜೀವ ಉಳಿಯಿತು. ಕೈಗಳು ಉಳಿದವು. ಎದೆಯಿಂದ ಕೆಳಗೆ ಏನೂ ಉಳಿಯಲಿಲ್ಲ. ಮೊದಮೊದಲು ಮಂಚದ ಮೇಲೆ ಎತ್ತಿ ಕೂರಿಸಿದರೆ ರಕ್ತವೆಲ್ಲ ಕಾಲಿಗೆ ಇಳಿದು ಮುಖ ಬಿಳಿಚಿ, "ಮನಿ ತಿರಗಾಕತ್ತೈತಿ" ಎನ್ನುತ್ತ ನನ್ನ ಹೆಗಲಿಗೆ ಒರಗಿ ಎಚ್ಚರ ತಪ್ಪುತ್ತಿದ್ದರು. ಹೊಟ್ಟೆಗೆ ಬಿಗಿಯಾದ ಪಟ್ಟಿ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಕೂರುವುದನ್ನು ಕಲಿತರು. ಕೂತ ಮೇಲೆ ಮೊದಲು ಕೇಳಿದ್ದು ಉಳ್ಳಾಗಡ್ಡಿ ಮತ್ತು ಚಾಕು. ಮಂಚದ ಮೇಲೆಯೇ ಹೆಚ್ಚಿಕೊಡುತ್ತಿದ್ದರು. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದರೆ ಅಲ್ಲಿಂದಲೇ, "ಸಾಸಿವಿ ಹೊತ್ತಾಕತ್ತೈತಿ ನೋಡು" ಎಂದು ಅಕ್ಕನನ್ನು ಎಚ್ಚರಿಸುವರು.

ಮನೆಗೆ ಬಂದ ಸ್ವಲ್ಪ ದಿನಕ್ಕೆ ಮೊದಲ ಸಲ ಅದು ಬಂತು. ತಲೆ ಒಡೆದುಹೋಗುವಂಥ ನೋವು, ಕೆಂಪಾದ ಮುಖ, ಎದೆಯವರೆಗೆ ಮಾತ್ರ ಬೆವರು. ಅಕ್ಕ ಗಾಬರಿಯಾಗಿ ಅವರನ್ನು ಅಂಗಾತ ಮಲಗಿಸಿದಳು. ನೋವು ಇನ್ನೂ ಏರಿತು. ಗದಗಿನ ಆಸ್ಪತ್ರೆಯ ಡಾಕ್ಟರಮ್ಮನಿಗೆ ಫೋನ್ ಹಚ್ಚಿದಾಗ ಅವರು ಕೂಗಿದರು: "ಮಲಗಸಬ್ಯಾಡ್ರಿ! ಕುಂಡ್ರಸರಿ, ಕಾಲು ಕೆಳಗ ಬಿಡ್ರಿ. ಮೂತ್ರದ ಪೈಪು ನೋಡ್ರಿ." ಪೈಪು ತೊಡೆಯ ಕೆಳಗೆ ಮಡಚಿಕೊಂಡಿತ್ತು. ಬಿಡಿಸಿದ ಕೂಡಲೇ ಚೀಲ ತುಂಬುತ್ತ ಬಂತು, ನೋಡನೋಡುತ್ತ ತಲೆನೋವು ಇಳಿಯಿತು. ಮಾವ ಮುಖ ಒರೆಸಿಕೊಂಡು, "ಇಷ್ಟಕ್ಕ ಇಷ್ಟೆಲ್ಲಾನ?" ಎಂದು ನಕ್ಕರು.

ಮುಂದೆ ತಪಾಸಣೆಗೆ ಹೋದಾಗ ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದರು. "ಎದಿ ಬಡಿಯೋದು, ಬೆವರು ಬರೋದು, ರಕ್ತನಾಳ ಬಿಗಿಯೋದು ಸಡಿಲಾಗೋದು, ಇವನ್ನೆಲ್ಲ ನಾವು ಹೇಳಿ ಮಾಡಸಂಗಿಲ್ರಿ. ಅದಕ್ಕ ಬ್ಯಾರೆ ನರಗಳ ವ್ಯವಸ್ಥಾನೇ ಐತಿ. ಇವರಿಗೆ ಕೆಳಗ ಎಲ್ಲಿಯಾದ್ರೂ ತ್ರಾಸ ಆದ್ರ ಆ ಖಬರ ತಲಿಗೆ ಮುಟ್ಟಂಗಿಲ್ಲ. ಆದ್ರ ಕೆಳಗಿನ ನರಗಳು ಹೆದರಿ ರಕ್ತನಾಳ ಬಿಗಿ ಹಿಡಿತಾವು. ಬಿ.ಪಿ. ಏರತೈತಿ. ಅದು ಗೊತ್ತಾಗಿ ಮಿದುಳು ಸಡಿಲ ಬಿಡ್ರಿ ಅಂತ ಹೇಳಿದ್ರೂ ಆ ಮಾತು ಬೆನ್ನಿನ ಪೆಟ್ಟು ದಾಟಿ ಇಳಿಯಂಗಿಲ್ಲ, ಹಿಂಗಾಗಿ ಬೆವರೂ ಮೇಲಷ್ಟ. ಅದಕ್ಕ ಕೂಡಲೇ ಕಾರಣ ಹುಡುಕಬೇಕು. ಹೊತ್ತಾದ್ರ ಮಿದುಳಿನ್ಯಾಗ ರಕ್ತನಾಳ ಒಡಿತೈತಿ."

ಅಲ್ಲಿಂದ ನಮ್ಮ ಬದುಕು ಹುಡುಕಾಟವಾಯಿತು. ಒಮ್ಮೆ ಕಾರಣ ಲುಂಗಿಯ ಬಿಗಿ ಗಂಟು. ಒಮ್ಮೆ ಮಾಂಸಕ್ಕೆ ಇಳಿದಿದ್ದ ಹೆಬ್ಬೆರಳಿನ ಉಗುರು. ಒಮ್ಮೆ ತೊಡೆಯ ಕೆಳಗೆ ಬಿದ್ದಿದ್ದ ಚಾಕುವಿನ ಹಿಡಿ. ತಮ್ಮದೇ ಕಾಲು ಎಲ್ಲಿ ನೋಯುತ್ತಿದೆ ಎಂಬುದು ಮಾವನಿಗೆ ತಿಳಿಯುತ್ತಿರಲಿಲ್ಲ. ಎರಡೂ ಕೈಯಿಂದ ತಲೆ ಹಿಡಿದುಕೊಂಡು, "ಹುಡುಕ್ರಿ, ಎಲ್ಲೋ ಏನೋ ಐತಿ" ಎನ್ನುವರು. ಬೇಸಿಗೆ ಬಂತೆಂದರೆ ಇನ್ನೊಂದು ಕಷ್ಟ. ಕೆಳಗಿನ ಮೈ ಬೆವರದ ಕಾರಣ ಸೆಕೆ ಒಳಗೇ ಉಳಿದು ಮೈ ಹಂಚಿನಂತೆ ಕಾಯುತ್ತಿತ್ತು. ಅಕ್ಕ ದಿನವಿಡೀ ತೋಯಿಸಿದ ಬಟ್ಟೆ ಹೊದಿಸುತ್ತ, ತೆಗೆಯುತ್ತ ಇರುತ್ತಿದ್ದಳು.

ಒಂದು ಮಧ್ಯಾಹ್ನ ಅಂಥದೇ ತಲೆನೋವು ಇಳಿದ ಮೇಲೆ ಮಾವ ನನ್ನನ್ನು ಹತ್ತಿರ ಕರೆದರು. "ಲೇ, ಮುಂದಿನ ಸಲ ಬಂದ್ರ ಹುಡುಕಬ್ಯಾಡ್ರಿ. ಮಲಗಿಸಿ ಸುಮ್ಮನ ಹೊರಗ ಹೋಗ್ರಿ. ಸಾಕಾತು ನನಗ."

ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಕೇಳಿಸಿಕೊಂಡಿದ್ದಳು. ಒಳಗೆ ಬಂದು ಹಾಸಿಗೆ ಸರಿಮಾಡಿದಳು. "ನಾಳೆ ಗದಗಿಗೆ ಹೋಗೋದೈತಿ. ಗಡ್ಡ ಮಾಡಿಸ್ಕೋರಿ" ಅಂದಳು. ಮಾವ ಗೋಡೆಯ ಕಡೆ ಮುಖ ತಿರುಗಿಸಿದರು. ಭುಜಗಳು ಅಲುಗುತ್ತಿದ್ದವು. ಅಕ್ಕ ಬಟ್ಟಲಲ್ಲಿ ನೀರು ತಂದು, ತಾನೇ ಅವರ ಕೆನ್ನೆಗೆ ಸಾಬೂನು ಹಚ್ಚಿದಳು.

ಕೊನೆಯ ಸಲ ಬಂದದ್ದು ಬೇಸಿಗೆಯ ಒಂದು ಮುಂಜಾನೆ. ನಾನು ಮುಂಡರಗಿಯ ಬೀಜದ ಅಂಗಡಿಗೆ ಕೆಲಸಕ್ಕೆ ಹೊರಟಿದ್ದೆ, ಅಕ್ಕ ಕೂಗಿದಳು. ಕೂರಿಸಿದೆವು. ಪೈಪು ನೆಟ್ಟಗಿತ್ತು, ಮೂತ್ರ ಇಳಿಯುತ್ತಿತ್ತು. ಲುಂಗಿ ಬಿಚ್ಚಿದೆವು, ಹೊಟ್ಟೆಯ ಪಟ್ಟಿ ಬಿಚ್ಚಿದೆವು. ಉಗುರು, ಹಿಮ್ಮಡಿ, ಬೆನ್ನು, ಪೃಷ್ಠ, ಹಾಸಿಗೆಯ ಮಡಿಕೆ, ಎಲ್ಲ ನೋಡಿದೆವು. ಏನೂ ಇಲ್ಲ. ಡಾಕ್ಟರಮ್ಮ ಇಂಥ ಹೊತ್ತಿಗೆಂದು ಕೊಟ್ಟಿದ್ದ ಗುಳಿಗೆ ಹಾಕಿದೆವು.

"ಹುಡುಕ್ರಿ... ಹುಡುಕ್ರಿ..." ಎನ್ನುತ್ತಿದ್ದರು ಮಾವ. ಹುಡುಕಬೇಡಿ ಎಂದಿದ್ದವರು ಅವರೇ. ಅಕ್ಕನ ಕೈ ಹಿಡಿದು, "ಬಿಡಬ್ಯಾಡ, ನಾ ಇರಬೇಕು" ಅಂದರು.

ಪಕ್ಕದ ಮನೆಯವರ ಜೀಪು ಬಂತು. ಹಿಂದಿನ ಸೀಟಿನಲ್ಲಿ ಅವರನ್ನು ನೆಟ್ಟಗೆ ಹಿಡಿದು ಕೂತೆವು. ಮುಂಡರಗಿ ದಾಟುವವರೆಗೂ ಅಕ್ಕ ಅವರ ಕಾಲಬುಡದಲ್ಲಿ ಕುಕ್ಕರಿಸಿ ಬೆರಳುಗಳ ಸಂದು ನೋಡುತ್ತಲೇ ಇದ್ದಳು. ಆಮೇಲೆ ಮಾವನ ಮಾತು ತೊದಲಿತು, ಬಾಯಿ ಒಂದು ಕಡೆ ವಾಲಿತು. ನನ್ನ ಹೆಗಲ ಮೇಲೆ ತಲೆಯ ಭಾರ ಹೆಚ್ಚಾಯಿತು. ಗದಗ ಇನ್ನೂ ದೂರವಿತ್ತು.

ಸಂಜೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಮೂತ್ರಕೋಶದೊಳಗೆ ಕಲ್ಲು ಬೆಳೆದಿತ್ತು ಎಂದು ಡಾಕ್ಟರಮ್ಮ ಸ್ಕ್ಯಾನ್ ನೋಡಿ ಹೇಳಿದರು. ಅಕ್ಕನ ಎರಡೂ ಕೈ ಹಿಡಿದುಕೊಂಡು, "ಹೊರಗಿಂದ ಯಾರಿಗೂ ಸಿಗೂ ಹಂಗ ಇರಲಿಲ್ಲವ್ವಾ" ಎಂದರು. ಅಕ್ಕ ಹೂಂ ಎಂದಳು. ಅರ್ಥವಾಗಿದೆ ಎಂದು ನಾನು ತಿಳಿದುಕೊಂಡೆ.

ಮರುದಿನ ಹಿರೇವಡ್ಡಟ್ಟಿಯ ಅಂಗಳದಲ್ಲಿ ಅವರಿಗೆ ಸ್ನಾನ ಮಾಡಿಸಿದೆವು. ನಾನು ನೀರು ಹಾಕುತ್ತಿದ್ದೆ, ಅಕ್ಕ ಮೈ ತಿಕ್ಕುತ್ತಿದ್ದಳು. ಕಾಲಿನ ಹತ್ತಿರ ಬಂದಾಗ ಅವಳ ಕೈ ನಿಧಾನವಾಯಿತು. ಒಂದೊಂದೇ ಬೆರಳು ಬಿಡಿಸಿದಳು, ಉಗುರಿನ ಅಂಚು ಒತ್ತಿ ನೋಡಿದಳು, ಮೊಣಕಾಲ ಹಿಂದೆ ಕೈ ಹಾಕಿ ಸವರಿದಳು. ಹೊತ್ತಾಗುತ್ತಿತ್ತು. ಹಿರಿಯರೊಬ್ಬರು ಹತ್ತಿರ ಬಂದು, "ಸಾಕು ಏಳವ್ವಾ, ಆತು" ಅಂದರು.

ಅಕ್ಕ ತಲೆ ಎತ್ತಲಿಲ್ಲ. "ಸ್ವಲ್ಪ ತಡೀರಿ," ಅಂದಳು, "ಈ ಕಡಿ ಕಾಲು ಇನ್ನೂ ನೋಡಿಲ್ಲ."