ಬೆಲ್ಲದ ಮಹಾಗೋಡೆ

ಚೀನಾದ ಇತಿಹಾಸವನ್ನು ಕಲಿಸುವುದು ಹೇಗೆಂದು ಕಲಿಯಲು ನಾನು ಕೊಲ್ಹಾಪುರಕ್ಕೆ ಹೋಗಿದ್ದೆ ಎಂದರೆ ಜನ ಈಗಲೂ ನನ್ನ ಮುಖ ನೋಡುತ್ತಾರೆ. ಹೋದದ್ದು ಖರೇ! ಗಡಿಯಲ್ಲಿ ಯುದ್ಧವಾಗಿ ಹೆಚ್ಚು ಕಾಲವಾಗಿರಲಿಲ್ಲ. ಶಾಲೆಯಲ್ಲಿ ಚೀನಾ ಅಂದರೆ ಸಾಕು, ಮಕ್ಕಳು ಎದ್ದುನಿಂತು ಬೈಯುತ್ತಿದ್ದವು. ಬೈಗುಳದ ಆಚೆಗೂ ಚೀನಾ, ಜಪಾನುಗಳಿಗೆ ಇತಿಹಾಸವಿದೆ, ಅದನ್ನು ಕಲಿಸಿ ಎಂದು ನಮ್ಮಂಥ ಶಿಕ್ಷಕರಿಗೆ ತರಬೇತಿ ಇಟ್ಟಿದ್ದರು.

ನಾನು ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿಯ ಮಗಳು. ಊರಿನ ಕನ್ನಡ ಶಾಲೆಯಲ್ಲಿ ಹಂಗಾಮಿ ಶಿಕ್ಷಕಿ, ಮಕ್ಕಳ ಬಾಯಲ್ಲಿ ‘ಅಕ್ಕೋರು’. ತರಬೇತಿ ಮುಗಿಸಿ ನಮ್ಮ ಶಾಲೆಯಲ್ಲೇ ಪರೀಕ್ಷಕರ ಮುಂದೆ ಪಾಠ ಮಾಡಬೇಕು. ಪಾಸಾದರೆ ನೌಕರಿ ಕಾಯಂ, ನಪಾಸಾದರೆ ಶಿರೋಳದ ಗಂಡು! ಅಪ್ಪ ಹೀಗೆ ಕರಾರು ಹಾಕಿಯೇ ಕಳಿಸಿದ್ದರು. ಹುಡುಗ ಕೆಟ್ಟವನೇನಲ್ಲ ಬಿಡಿ. ಆದರೆ ‘ನೌಕರಿ ಮಾಡೋ ಸೊಸಿ ನಮಗ ಬ್ಯಾಡ’ ಎಂದು ಅವನ ಮನೆಯವರು ಹೇಳಿಕಳಿಸಿದ್ದರು. ನನಗೋ ಶಾಲೆ ಬಿಡುವುದೆಂದರೆ ಜೀವ ಹೋದಂತೆ.

ಊರಲ್ಲಿ ಸಿಗುವ ವಸ್ತುಗಳಿಂದಲೇ ಪಾಠ ಕಟ್ಟಿ ಎಂದು ತರಬೇತಿಯಲ್ಲಿ ಹೇಳಿದ್ದರು. ನಮ್ಮೂರಲ್ಲಿ ಏನು ಸಿಗುತ್ತದೆ? ಬೆಲ್ಲ! ತರಗತಿಯ ಮೇಜಿನ ಮೇಲೆ ಬೆಲ್ಲದ ಅಚ್ಚುಗಳನ್ನು ಪೇರಿಸಿ ಚೀನಾದ ಮಹಾಗೋಡೆಯನ್ನೇ ಎಬ್ಬಿಸಿದೆ, ಬುರುಜುಗಳ ಸಮೇತ. ತರಬೇತಿಯಲ್ಲಿ ಜೊತೆಯಾದ ಇಚಲಕರಂಜಿಯ ಗೆಳತಿ ಸಹಾಯಕ್ಕೆ ಬಂದಿದ್ದಳು. ಅವಳು ಮಗ್ಗದ ಬಣ್ಣದ ನೂಲು ಸುತ್ತಿ ಮಂಗೋಲರ ಕುದುರೆಗಳನ್ನು ಮಾಡಿದ್ದಳು. ಒಂದೊಂದೂ ನಾಯಿಯಂತೆ ಕಾಣುತ್ತಿತ್ತು.

ಪರೀಕ್ಷಕ ಸಾಹೇಬರು ಬಸ್ಸಿಳಿದು ಉರಿಬಿಸಿಲಲ್ಲಿ ನಡೆದು ಬಂದು, ಮೇಜಿನ ಪಕ್ಕದ ಕುರ್ಚಿಯಲ್ಲಿ ಧೊಪ್ಪನೆ ಕೂತರು. ಗೆಳತಿ ಮರ್ಯಾದೆಗೆ ತಂಬಿಗೆ ನೀರು ತಂದಿಟ್ಟಳು. ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ನೀರಿನ ಜೊತೆ ಬೆಲ್ಲ ಕೊಡುವುದು ಪದ್ಧತಿ. ಸಾಹೇಬರು ನೀರು ನೋಡಿದರು, ಬೆಲ್ಲ ನೋಡಿದರು, ಕೈ ಹಾಕಿದರು. ಒಂದು ಬುರುಜು ಬಾಯೊಳಗೆ ಹೋಯಿತು!

“ವಾ! ಭಾಳ ಚೊಲೋ ಬೆಲ್ಲ,” ಎನ್ನುತ್ತ ಗೋಡೆಗೂ ಕೈ ಹಾಕಿದರು.

ಸುಮ್ಮನಿದ್ದರೆ ಪಾಠ ಹೋಯಿತು, ಬೇಡ ಎಂದರೆ ನೌಕರಿ ಹೋಯಿತು. ಫಲಿತಾಂಶ ಕೇಳಲು ಬಂದ ಅಪ್ಪ ಬೇರೆ ಬಾಗಿಲಲ್ಲಿ ನಿಂತಿದ್ದರು. ಇಷ್ಟೆಲ್ಲದರ ನಡುವೆ ಹಾಳಾದ ನಗು ಉಕ್ಕಿ ಬಂತು. ನಗುತ್ತಲೇ ಕೂಗಿದೆ: “ಹುಡುಗೋರ್ಯಾ, ನೋಡ್ರಿ! ಚೀನಾದವರು ಕಷ್ಟಪಟ್ಟು ಕಟ್ಟಿದ ಗೋಡಿ! ಮಂಗೋಲರು ಬಂದಾರ, ಗೋಡಿ ಒಡ್ಯಾಕತ್ತಾರ!”

ಮಕ್ಕಳೆಲ್ಲ ಗಲ್ಲ ಉಬ್ಬಿಸಿಕೊಂಡಿದ್ದ ಸಾಹೇಬರತ್ತ ತಿರುಗಿದವು. ಇಡೀ ತರಗತಿ ಬಿದ್ದುಬಿದ್ದು ನಕ್ಕಿತು. ಗೆಳತಿ ಗೋಡೆಯ ಒಡಕಿನಲ್ಲಿ ಕುದುರೆಗಳನ್ನು ನುಗ್ಗಿಸಿದಳು. ನಾನು ನಿಲ್ಲಲೇ ಇಲ್ಲ. “ಒಳಗ ಬಂದವರು ಅಲ್ಲೇ ಕುಂತು ರಾಜ್ಯ ಆಳಿದ್ರು. ಮುಂದ ಏನಾತು?”

“ಚೀನಾದವರು ಓಡಿಸಿದ್ರು!” ಎಂದಳು ಮುಂದಿನ ಸಾಲಿನ ಹುಡುಗಿ.

“ಶಾಬಾಸ್! ಓಡಿಸಿ, ಮೊದಲಿಗಿಂತ ಗಟ್ಟಿ ಗೋಡಿ ಕಟ್ಟಿದ್ರು. ಬರ್ರಿ, ಕಟ್ಟೂಣು!”

ಮಕ್ಕಳು ಮುಗಿಬಿದ್ದು ಕಟ್ಟಿದವು. ಕಟ್ಟಿದ್ದಕ್ಕಿಂತ ನೆಕ್ಕಿದ್ದೇ ಹೆಚ್ಚು.

ಸಾಹೇಬರು ಕೈ ಒರೆಸಿಕೊಂಡು ನನ್ನನ್ನು ದುರುಗುಟ್ಟಿ ನೋಡಿದರು. “ಅಕ್ಕೋರ, ಪರೀಕ್ಷಾ ಮಾಡಾಕ ಬಂದವನ್ನ ಮಂಗೋಲ ಮಾಡಿದ್ರಿ?”

“ಹೌದ್ರಿ ಸಾಹೇಬ್ರ. ಗೋಡಿ ತಿಂದವರು ನೀವ ಅಲ್ಲೇನ್ರಿ?”

ಬಾಯಿ ತಪ್ಪಿ ಆಡಿಬಿಟ್ಟಿದ್ದೆ! ಸಾಹೇಬರು ಕೆಮ್ಮು ಬರುವ ತನಕ ನಕ್ಕರು. “ಪಾಸ್! ಅಗದೀ ಪಾಸ್!”

ನಾನು ಬಾಗಿಲಿಗೆ ಓಡಿದೆ. ಅಪ್ಪ ನಗಲಿಲ್ಲ. “ಶಿರೋಳದವರಿಗೆ ಈಗ ನಾ ಏನ ಹೇಳ್ಲಿ?”

“ನೌಕರಿ ಮಾಡೋ ಸೊಸಿ ಬೇಕಾದ್ರ ಅಷ್ಟ ಬರ್ರಿ ಅಂತ ಹೇಳ್ರಿ, ಅಪ್ಪಾ.”

ಒಳಗೆ ಮಕ್ಕಳು ನನ್ನನ್ನು ಕೂಗುತ್ತಿದ್ದವು. ಅಪ್ಪ ಬಾಗಿಲಿನಿಂದ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು.

“ಹುಡುಗೋರು ಕಾಯಾಕತ್ತಾವ,” ಎಂದರು. “ನಡೀರಿ ಒಳಗ, ಅಕ್ಕೋರ.”