ಬಾಗಿಲು ಮುಚ್ಚಿದರೆ ನಿಲ್ಲುವ ಸದ್ದು

ರೂಪಾಯಿ ಹಾಕಿದೆ. ಖಣ್ ಅಂತ ತಗಡಿನ ಡಬ್ಬಿಗೆ ಬಿತ್ತು, ಗೇಮು ಶುರುವಾಗಲಿಲ್ಲ. ನಾಣ್ಯ ತಾಗಬೇಕಾದ ಸ್ವಿಚ್ಚಿನ ಕಡ್ಡಿಯನ್ನು ಸ್ವಲ್ಪ ಬಗ್ಗಿಸಿ, ಬಿಟ್ಟುಕೊಂಡಿದ್ದ ವೈರಿಗೆ ಬೆಸುಗೆ ಹಾಕಿದೆ. ರಾಳದ ಹೊಗೆ ಮೂಗಿಗೆ ಹೊಡೆಯಿತು. ಮಿರಜ ಸ್ಟೇಷನ್ ಎದುರಿನ ಕಾಕಾ ನೆನಪಾದರು.

ಇದು ಸಾಂಗ್ಲಿಯ ಒಂದು ಮನೆಯ ಕೆಲಸ. ಹಳೆಯ ಟಿವಿ ಕಪಾಟನ್ನು ವಿಡಿಯೋ ಗೇಮ್ ಪೆಟ್ಟಿಗೆ ಮಾಡಿಕೊಡಬೇಕು. ಪಾರ್ಲರಿನ ಹಾಗೆ ರೂಪಾಯಿ ಹಾಕಿದರೇ ನಡೆಯಬೇಕು, ಎರಡೂ ಕಡೆ ಸ್ಪೀಕರ್ ಇರಬೇಕು ಅಂತ ಮಾಲೀಕನ ಹಟ. ನನಗೇನು, ಮಾಡಿಕೊಡುತ್ತೇನೆ. ಶಾಲೆ ಅರ್ಧಕ್ಕೆ ಬಿಟ್ಟವನು ನಾನು, ಆದರೆ ಈ ಕೆಲಸ ಚೆನ್ನಾಗಿ ಬರುತ್ತದೆ.

ಕಾಕಾ ನನ್ನ ಸಂಬಂಧಿಕರಲ್ಲ, ಓಣಿಗೆಲ್ಲ ಕಾಕಾ. ಅವರದು ಎಸ್‌ಟಿಡಿ ಬೂತು. ಮೂಲೆಯಲ್ಲಿ ಗಾಜಿನ ಕ್ಯಾಬಿನ್, ಅದರೊಳಗೆ ಫೋನು. ಅಥಣಿ, ಜಮಖಂಡಿ ಕಡೆಯಿಂದ ಮಿರಜದ ದವಾಖಾನೆಗಳಿಗೆ ಬಂದವರು ಊರಿಗೆ ಫೋನ್ ಮಾಡಲು ಅಲ್ಲಿಗೇ ಬರುತ್ತಿದ್ದರು. ಕಾಕಾ ಕನ್ನಡ ಮಾತಾಡುತ್ತಿದ್ದರಲ್ಲ, ಅದಕ್ಕೆ. ಆಮೇಲೆ ಆ ಸಾಲಿನಲ್ಲಿ ಎಲ್ಲಿ ನೋಡಿದರೂ ಎಸ್‌ಟಿಡಿಯ ಹಳದಿ ಬೋರ್ಡು. ಗಿರಾಕಿಗಳು ಹಂಚಿಹೋದರು. ಕಾಕಾ ಮನೆಯ ಟಿವಿ ತಂದು, ಸುತ್ತ ಪ್ಲೈವುಡ್ ಹೊಡೆಸಿ, ವಿಡಿಯೋ ಗೇಮ್ ಇಟ್ಟರು. ವೈರಿಂಗ್ ನನ್ನದು. ನಾನೊಬ್ಬನೇ ಹಿಡಿದ ಮೊದಲ ಕೆಲಸ.

ಸ್ಪೀಕರ್ ರಸ್ತೆಗೆ ಕೇಳುವಂತೆ ಇಟ್ಟೆ. ಹುಡುಗರು ಮುತ್ತಿದರು. ಆದರೆ ಒಂದು ದಿನ ಫೋನ್ ಮಾಡುತ್ತಿದ್ದ ಹೆಂಗಸು ಕ್ಯಾಬಿನ್ ಬಾಗಿಲು ತೆಗೆದು ಕೂಗಿದಳು.

“ಮಗನ ಆಪರೇಶನ್ ಆತು ಅಂತ ಹೇಳಾಕತ್ತೇನ್ರಿ, ಅಲ್ಲಿ ಯಾರು ಹೊಡದಾಡಾಕತ್ತಾರ ಅಂತ ಕೇಳಾಕತ್ತಾರ!”

ಕಾಕಾ ನನ್ನನ್ನು ಕರೆಸಿದರು. “ಇದರ ಬಾಯಿ ಮುಚ್ಚಸು. ಇಲ್ಲಂದ್ರ ಐತ್ವಾರ ಮುರದು ಗುಜರಿಗೆ ಹಾಕ್ತೇನಿ.”

“ಆವಾಜ ಇಲ್ಲಂದ್ರ ಯಾರ್ ಆಡ್ತಾರ್ರಿ ಕಾಕಾ? ಬಾಜೂಕಿನ ಗೇಮಿನ ಅಂಗಡಿಗೆ ಹೋಗ್ತಾರ.”

“ಅವರು ಹೋದ್ರ ಗೇಮ್ ಹೋಗತೈತಿ. ಇವರು ಹೋದ್ರ ಬೂತ್‌ ಹೋಗತೈತಿ.” ಕ್ಯಾಬಿನ್ ಬಾಗಿಲು ಎಳೆದು ನೋಡಿ ಅಂದರು, “ಫ್ರಿಜ್ಜಿನ ಬಾಗಲಾ ಹಾಕಿದ ಕೂಡ್ಲೆ ದಿವಾ ಹೋಗತೈತಿಲ್ಲ? ಹಂಗ ಮಾಡಾಕ ಬರತೈತೇನು?”

“ಹೋಗತೈತಿ ಅಂತ ನಿಮಗ ಹೆಂಗ ಗೊತ್ತ್ರಿ? ಒಳಗ ಕುಂತು ನೋಡೀರೇನು?”

“ತಡಿ, ನಿನ್ನ ಕುಂದ್ರಸಿ ನೋಡ್ತೇನಿ.”

ಹಳೆಯ ಫ್ರಿಜ್ಜಿನ ಸ್ವಿಚ್ಚು ತಂದು ಕ್ಯಾಬಿನ್ ಚೌಕಟ್ಟಿಗೆ ಕೂರಿಸಿ, ಸ್ಪೀಕರಿನ ವೈರನ್ನು ಅದರ ಮೂಲಕ ಒಯ್ದೆ. ಬಾಗಿಲು ಮುಚ್ಚಿದರೆ ಗೇಮು ಮೂಕ. ತೆರೆದರೆ ಮತ್ತೆ ಸದ್ದು. ಒಳಗೆ ಯಾರೂ ಇಲ್ಲದಾಗ ಬಾಗಿಲು ತೆರೆದೇ ಇರುತ್ತಿತ್ತು.

ಆಡುವವರು ಒಪ್ಪಬೇಕಲ್ಲ. ತಾಲೀಮಿನ ಪೈಲ್ವಾನನೊಬ್ಬ ಬರುತ್ತಿದ್ದ. ಸದ್ದು ನಿಂತ ಕೂಡಲೇ “ಓ ಕಾಕಾ, ಆವಾಜ!” ಅಂತ ಪೆಟ್ಟಿಗೆಗೆ ಅಂಗೈಯಿಂದ ಬಡಿಯುತ್ತಿದ್ದ. ಅವನು ಬಡಿದಾಗಲೆಲ್ಲ ನಾಣ್ಯದ ಸ್ವಿಚ್ಚಿನ ವೈರು ಕಿತ್ತು ಬರುತ್ತಿತ್ತು, ನಾನು ಬೆಸುಗೆ ಹಾಕಬೇಕು. ಕೊನೆಗೆ ಕಾಕಾ ಹೇಳಿಬಿಟ್ಟರು, “ಇನ್ನೊಂದ್ ಸಲ ಬಡದ್ರ ಮಶೀನ ತಗದಬಿಡ್ತೇನಿ.” ಸುಮ್ಮನೆ ಹೇಳುವ ಮನುಷ್ಯ ಅಲ್ಲ.

ಆ ದಿನಗಳಲ್ಲೇ ಅವರ ಹೆಂಡತಿಯನ್ನು ದವಾಖಾನೆಗೆ ಸೇರಿಸಿದ್ದರು. ನಮಗೆಲ್ಲ ಅವರು ಕಾಕು... ಚಹಾಕ್ಕೆ ಬೆಲ್ಲ ಹಾಕುತ್ತಿದ್ದರು.

ಒಂದು ಮಧ್ಯಾಹ್ನ ಕಾಕಾ ದವಾಖಾನೆಯಿಂದ ಬಂದವರು ದುಡ್ಡಿನ ಗಲ್ಲೆಯ ಹತ್ತಿರ ಕೂರಲಿಲ್ಲ. ಅಲ್ಲೂ ಒಂದು ಫೋನಿತ್ತು. ಅದನ್ನು ಬಿಟ್ಟು ಸೀದಾ ಕ್ಯಾಬಿನ್ ಹೊಕ್ಕು ಬಾಗಿಲು ಹಾಕಿಕೊಂಡರು. ಸದ್ದು ನಿಂತಿತು.

ಪೈಲ್ವಾನ ಬಡಿಯಲು ಕೈ ಎತ್ತಿ ತಿರುಗಿ ನೋಡಿದ. ಕಾಕಾ ನಮಗೆ ಬೆನ್ನು ಮಾಡಿ, ರಿಸೀವರ್ ಕಿವಿಗೆ ಹಿಡಿದು ನಿಂತಿದ್ದರು. ಜಮಖಂಡಿಯಲ್ಲಿದ್ದ ಮಗಳಿಗೆ ಫೋನು. ಹೆಗಲು ಮಾತ್ರ ಅಲುಗಾಡುತ್ತಿತ್ತು...

ಪೈಲ್ವಾನ ಎತ್ತಿದ ಕೈ ಇಳಿಸಿದ. ಸದ್ದಿಲ್ಲದೆ ಆಡಿದ. ಆಟ ಮುಗಿಯಿತು. ಇನ್ನೊಂದು ರೂಪಾಯಿ ತೆಗೆದವನು ಹಾಕಲಿಲ್ಲ, ಮುಷ್ಟಿಯಲ್ಲೇ ಹಿಡಿದು ನಿಂತ. ತಗಡಿನ ಡಬ್ಬಿಯಲ್ಲಿ ಅದು ಖಣ್ ಅನ್ನುತ್ತದೆ ಅಂತ ಅವನಿಗೆ ಗೊತ್ತಿತ್ತು.

ಕಾಕಾ ಟವೆಲ್‌ನಿಂದ ಮುಖ ಒರೆಸಿಕೊಂಡು ಹೊರಗೆ ಬಂದರು. ಅವನ ಮುಷ್ಟಿ ನೋಡಿದರು. “ಯಾಕೋ ಪೈಲ್ವಾನ, ಆಡಲಿಲ್ಲ?” ಅಂದರು. ಆಮೇಲೆ ನನಗೆ, “ನಿಮ್ಮ ಕಾಕು ಹೋದಳೋ ತಮ್ಮಾ. ಶಟರ್ ಎಳಿ.”

ಬೂತು ಮತ್ತೆ ತೆರೆದ ಮೇಲೆ ಪೆಟ್ಟಿಗೆಗೆ ಯಾರೂ ಬಡಿಯಲಿಲ್ಲ. ಸದ್ದು ನಿಂತರೆ ಪೈಲ್ವಾನನೇ ಉಳಿದವರ ಬಾಯಿ ಮುಚ್ಚಿಸುತ್ತಿದ್ದ. ಮಶೀನು ಉಳಿಯಿತು. ಮೊಬೈಲ್ ಬಂದು ಬೂತೇ ಹೋಗುವ ತನಕ ಇತ್ತು. ಈಗ ಕಾಕಾನೂ ಇಲ್ಲ. ಸುದ್ದಿ ನನಗೆ ತಡವಾಗಿ ಸಿಕ್ಕಿತು, ಮಣ್ಣಿಗೆ ಹೋಗಲು ಆಗಲಿಲ್ಲ.

ಸಾಂಗ್ಲಿಯ ಕೆಲಸ ಮುಗಿಯಿತು. ರೂಪಾಯಿ ಹಿಡಿಯಿತು, ಸ್ಪೀಕರ್ ಗುಡುಗಿತು. ಪಕ್ಕದ ಕೋಣೆಯಲ್ಲಿ ಫೋನಿತ್ತು. ಅದರ ಬಾಗಿಲಿಗೂ ಒಂದು ಸ್ವಿಚ್ಚು ಹಾಕಿದೆ.

“ಇದನ್ನ ನಾ ಹೇಳಿರಲಿಲ್ಲಲಾ?” ಅಂದ ಮಾಲೀಕ.

“ಫೋನಿನ್ಯಾಗ ಮಾತಾಡುವಾಗ ಬಾಗಲಾ ಹಾಕ್ರಿ, ಆವಾಜ ಬಂದ್ ಆಗತೈತಿ.”

ಅವನು ನಕ್ಕ. “ಎಲ್ಲಾರ ಕಿಸೆದಾಗ ಮೊಬೈಲ್ ಐತಿ. ಆ ಖೋಲಿಗೆ ಯಾರ್ ಹೋಗ್ತಾರ?”

ಅವನು ಹೇಳಿದ್ದು ಖರೆ. ಆದರೂ ಬಿಚ್ಚಲಿಲ್ಲ. ಬಾಗಿಲು ಮುಚ್ಚಿ ನೋಡಿದೆ. ಸದ್ದು ನಿಂತಿತು.

ಇಷ್ಟೇ. ಬೇರೆ ಹೇಳುವುದೇನೂ ಇಲ್ಲ.