ಎರಡನೆಯ ವರ್ಷದ ಕರಾರು

ಬರ್ಮಿಂಗ್‌ಹ್ಯಾಮಿನ ಒಂದು ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಕರಾರು ಬರೆಯುವ ಕೆಲಸ ನನಗೆ ಸಿಕ್ಕಿದ್ದು ಒಂದು ಮದುವೆ ಊಟದಲ್ಲಿ. ಡರ್ಬಿಯಲ್ಲಿ ಯಂತ್ರದ ಬಿಡಿಭಾಗಗಳ ಒಪ್ಪಂದ ಬರೆದು ಬರೆದು ಬೇಸತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಉಡುಪಿ ಕಡೆಯ ಹೋಟೆಲ್ ಮಾಲೀಕರು ಆಗಷ್ಟೇ ಆ ಕ್ಲಬ್ಬನ್ನು ಕೊಂಡಿದ್ದರು. ‘ನಮ್ಮಲ್ಲಿಗೆ ಬನ್ನಿ’ ಎಂದರು, ಹೋದೆ. ಆಟದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ.

ನಮ್ಮ ನಾಯಕ ಅಮೆರಿಕದವನು, ಮೂವತ್ತು ದಾಟಿದವನು. ತಂಡವೇ ಅವನ ಸುತ್ತ ಆಡುತ್ತಿತ್ತು. ಕರಾರು ಮುಗಿಯುತ್ತ ಬಂದಾಗ ಅವನ ಏಜೆಂಟ್ ಹೆಚ್ಚು ಸಂಬಳ ಕೇಳಿದ. ಪೋಲೆಂಡಿನಿಂದ ಕರೆ ಬಂದಿದೆ ಎಂದೂ ಸೇರಿಸಿದ. ಮಾಲೀಕರು ಕೊಡಲು ಸಿದ್ಧರಿದ್ದರು. ಆದರೆ ಲೀಗಿನಲ್ಲಿ ಒಂದು ನಿಯಮವಿತ್ತು: ತಂಡದ ಎಲ್ಲರ ಸಂಬಳ ಸೇರಿ ಒಂದು ಮಿತಿ ದಾಟುವಂತಿಲ್ಲ. ಅದನ್ನು ನಾವು ಕ್ಯಾಪ್ ಎನ್ನುತ್ತಿದ್ದೆವು.

‘ಅವನ ಹೆಂಡತಿಗೆ ನನ್ನ ಹೋಟೆಲಲ್ಲಿ ಒಂದು ಮ್ಯಾನೇಜರ್ ಕೆಲಸ ಕೊಡುವ ಮಾರಾಯ್ರೆ,’ ಎಂದರು ಮಾಲೀಕರು. ‘ಅದು ಕ್ಯಾಪಿಗೆ ಬರುದಿಲ್ಲ ಅಲ್ವಾ?’

‘ಬರುತ್ತೆ ಸರ್. ಸುತ್ತು ದಾರೀಲಿ ಕೊಟ್ಟರೂ ಅದನ್ನ ಸಂಬಳ ಅಂತಲೇ ಲೆಕ್ಕ ಹಾಕ್ತಾರೆ.’

‘ನನ್ನ ದುಡ್ಡು ಕೊಡ್ಲಿಕ್ಕೆ ನನಗೇ ಸ್ವಾತಂತ್ರ್ಯ ಇಲ್ವಾ?’

ಇರಲಿಲ್ಲ. ಉಳಿದಿದ್ದು ಒಂದೇ ದಾರಿ: ಬೇರೆ ಯಾರನ್ನಾದರೂ ಕೈಬಿಡುವುದು. ಕೋಚ್ ಒಬ್ಬನನ್ನು ಸೂಚಿಸಿದರು. ಇಲ್ಲೇ ಹುಟ್ಟಿ ಬೆಳೆದ, ತುಂಬ ಎತ್ತರದ, ಸ್ವಲ್ಪ ನಿಧಾನದ ಆಟಗಾರ.

ನಾಯಕ ನನ್ನ ಕೋಣೆಗೆ ಬಂದ. ಏಜೆಂಟ್ ಫೋನಿನ ಸ್ಪೀಕರಿನಲ್ಲಿದ್ದ. ಇದ್ದದ್ದನ್ನು ಇದ್ದಂತೆ ಹೇಳಿದೆ: ಕೇಳಿದಷ್ಟು ಕೊಡಬೇಕಾದರೆ ಆ ಎತ್ತರದವನನ್ನು ಬಿಡಬೇಕಾಗುತ್ತದೆ. ಏಜೆಂಟ್, ‘ಅದು ನಿಮ್ಮ ತಲೆನೋವು’ ಎಂದ. ನಾಯಕ ಅವನಿಗೆ ಆಮೇಲೆ ಮಾತಾಡುತ್ತೇನೆಂದು ಹೇಳಿ ಫೋನು ಇಟ್ಟ.

‘ಆ ಎತ್ತರದವನಿಗೆ ಹೇಳಿದ್ದೀರಾ?’ ಎಂದು ನನ್ನನ್ನು ಕೇಳಿದ.

‘ಇಲ್ಲ.’

‘ಹೇಳಬೇಡಿ. ಸಂಬಳ ಈಗ ಇರುವಷ್ಟೇ ಇರಲಿ. ಆದರೆ ಎರಡು ವರ್ಷಕ್ಕೆ ಬರೆಯಿರಿ. ನನ್ನ ಕಾಲು ನಡೆದರೂ ನಡೆಯದಿದ್ದರೂ ಎರಡನೆಯ ವರ್ಷ ಖಾತ್ರಿ.’ ಕಾರಣವನ್ನೂ ಹೇಳಿದ: ‘ಮಗಳು ಮೂರು ದೇಶದಲ್ಲಿ ಮೂರು ಸ್ಕೂಲು ನೋಡಿದ್ದಾಳೆ. ಇಲ್ಲೇ ಪಕ್ಕದ ಸೊಲಿಹಲ್‌ನಲ್ಲಿ ಈಗ ಅವಳಿಗೆ ಒಬ್ಬಳು ಗೆಳತಿ ಸಿಕ್ಕಿದ್ದಾಳೆ.’

ಮಾಲೀಕರು ಒಪ್ಪಲು ಹಿಂದೆ ಮುಂದೆ ನೋಡಿದರು. ಈ ವಯಸ್ಸಿನವನಿಗೆ ಎರಡು ವರ್ಷ ಯಾರೂ ಬರೆದುಕೊಡುವುದಿಲ್ಲ ಎಂದು ನಾನೂ ಹೇಳಿದೆ. ಅದು ನನ್ನ ಕರ್ತವ್ಯವಾಗಿತ್ತು. ಕೊನೆಗೆ, ‘ಬರೀರಿ, ದೇವರಿದ್ದಾನೆ’ ಎಂದರು.

ಅದೇ ಚಳಿಗಾಲ ಲೀಡ್ಸ್‌ನ ಪಂದ್ಯದಲ್ಲಿ ಯಾರೂ ತಾಗದೆಯೇ ನಾಯಕ ಬಿದ್ದ. ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಮುಂದಿನ ಇಡೀ ಸೀಸನ್ ಆಡುವಂತಿರಲಿಲ್ಲ. ಆಡದವನ ಸಂಬಳವೂ ಕ್ಯಾಪಿನೊಳಗೇ ಬರುತ್ತಿದ್ದುದರಿಂದ ಅವನಷ್ಟು ಒಳ್ಳೆಯ ಇನ್ನೊಬ್ಬನನ್ನು ತರಲಾಗಲಿಲ್ಲ. ಒಂದಿಷ್ಟು ಕೊಟ್ಟು ಕರಾರು ಮುರಿಯುವಂತೆ ಅವನನ್ನು ಒಪ್ಪಿಸಬಹುದು ಎಂದು ಮಾಲೀಕರಿಗೆ ತಿಳಿಸಿದೆ.

ಅವರು ಕರಾರಿನ ಪ್ರತಿ ತೆಗೆಸಿ ಆ ಸಾಲಿನ ಮೇಲೆ ಬೆರಳಿಟ್ಟರು. ‘ಕಾಲು ನಡೆಯದಿದ್ದರೂ ಅಂತ ಬರೆದದ್ದು ನಾವೇ ಅಲ್ವಾ? ಈಗ ಎಂಥದು ಒಪ್ಪಿಸುದು?’

ಆ ವರ್ಷ ನಾವು ಸೋತದ್ದೇ ಹೆಚ್ಚು. ಪ್ರೇಕ್ಷಕರು ಮಾಲೀಕರ ಕಿವಿಗೆ ಬೀಳುವಂತೆಯೇ ಬೈದರು. ನಾಯಕ ಊರುಗೋಲು ಹಿಡಿದು ಪ್ರತಿ ಅಭ್ಯಾಸಕ್ಕೂ ಬಂದು, ಆ ಎತ್ತರದವನಿಗೆ ಎಲ್ಲಿ ನಿಲ್ಲಬೇಕೆಂದು ಕೂಗಿ ಹೇಳುತ್ತಿದ್ದ. ಎತ್ತರದವನು ಸ್ವಲ್ಪ ಸುಧಾರಿಸಿದ, ಬಹಳವೇನಲ್ಲ.

ಕರಾರು ಮುಗಿದ ಮೇಲೆ ನಾಯಕ ಮತ್ತೆ ಆಡಲಿಲ್ಲ. ಸೊಲಿಹಲ್‌ನಲ್ಲೇ ಉಳಿದು ಒಂದು ಶಾಲೆಯಲ್ಲಿ ಆಟ ಕಲಿಸುತ್ತಾನೆ. ಕೆಲವು ಶನಿವಾರ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುತ್ತಾನೆ. ಮಗಳು ಈಗ ಅವನ ಭುಜದವರೆಗೆ ಬೆಳೆದಿದ್ದಾಳೆ. ಹವಾಮಾನದ ಬಗ್ಗೆ ನಾಲ್ಕು ಮಾತಾಡಿ ನಾವು ನಮ್ಮ ನಮ್ಮ ಟ್ರಾಲಿ ತಳ್ಳಿಕೊಂಡು ಹೋಗುತ್ತೇವೆ.